ನಾಮದ ಕಲ್ಲು

ನಮ್ಮಪ್ಪನ ಬಗ್ಗೆ ಒಳ್ಳೆಯ ಮಾತಾಡುವವರು ಈಗಲೂ ಒಬ್ಬಿಬ್ಬರು ಸಿಗುತ್ತಾರೆ. ಮೈಸೂರಿನ ಯಾವ ಬೀದಿ ಯಾವ ಬೀದಿಗಿಂತ ಎಷ್ಟು ಎತ್ತರ ಎಂಬುದನ್ನು ಕಣ್ಣು ಮುಚ್ಚಿ ಹೇಳುತ್ತಿದ್ದ ಮನುಷ್ಯ, ಕಾಲಿಂಚು ಹೆಚ್ಚುಕಮ್ಮಿಯಾದರೂ ಇಡೀ ದಿನದ ಕೆಲಸ ಹೊಡೆದುಹಾಕಿ ಮತ್ತೆ ಮೊದಲಿಂದ ಶುರುಮಾಡುತ್ತಿದ್ದ ಮನುಷ್ಯ ಎಂದು ಹೊಗಳುತ್ತಾರೆ. ನಾನು ಹೂಂಗುಟ್ಟುತ್ತೇನೆ. ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಕೆಲಸ ಬಾರದವನೊಬ್ಬ ಹಾಗೆ ಮಾಡಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಟ್ಟಿರುತ್ತಿದ್ದೆ. ಎಂಬತ್ತರ ಹತ್ತಿರ ಬಂದ ಹೆಂಗಸು ಸತ್ತುಹೋದ ಅಪ್ಪನ ಮೇಲೆ ಸಿಟ್ಟಿಟ್ಟುಕೊಂಡು ಕೂರಬಾರದು ಎಂದು ನನ್ನ ತಂಗಿ ಬುದ್ಧಿ ಹೇಳುತ್ತಾಳೆ. ಅವಳು ಆಗ ತೊಟ್ಟಿಲಲ್ಲಿದ್ದಳು, ಅವಳಿಗೇನು ಗೊತ್ತು.

ನಮ್ಮ ಮನೆ ನಜರ್‌ಬಾದಿನಲ್ಲಿ, ಇಳಿಜಾರಾಗಿ ಹೋಗುವ ಒಂದು ಬೀದಿಯ ತಿರುವಿನಲ್ಲಿತ್ತು. ಬೀದಿಯಿಂದ ಮೂರು ಮೆಟ್ಟಿಲು ಹತ್ತಿದರೆ ಜಗಲಿ. ಹೊಸಿಲು ದಾಟಿ ಇನ್ನೊಂದು ಮೆಟ್ಟಿಲು ಏರಿದರೆ ನಡುಮನೆ. ಅಲ್ಲಿ ಗೋಡೆಗೆ ಸೇರಿದಂತೆ ಮಂಡಿಯೆತ್ತರದ ಒಂದು ಕಟ್ಟೆ, ಕಟ್ಟೆಯ ಮೇಲೆ ದೊಡ್ಡಪ್ಪನ ಮಂಚ. ನಡುಮನೆಯಿಂದ ಹಿಂದಕ್ಕೆ ಎರಡು ಮೆಟ್ಟಿಲು ಇಳಿದರೆ ಅಡುಗೆಮನೆ. ಮನೆಯ ಹೊಗೆಯೆಲ್ಲ ಅಲ್ಲೇ ತಂಗುತ್ತಿತ್ತು, ಮಳೆ ಜೋರಾದರೆ ಹಿತ್ತಿಲ ನೀರೂ ಅಲ್ಲಿಗೇ ನುಗ್ಗುತ್ತಿತ್ತು. ಅವ್ವ ರಾಗಿಹಿಟ್ಟಿನ ಡಬ್ಬಗಳನ್ನು ಯಾವಾಗಲೂ ಇಟ್ಟಿಗೆಯ ಮೇಲೆ ಇಡುತ್ತಿದ್ದಳು. ಸರ್ವೆ ಕಚೇರಿಯಲ್ಲಿ ನೆಲದ ಎತ್ತರ ತಗ್ಗು ಅಳೆಯುವ ಕೆಲಸದಲ್ಲಿದ್ದ ಅಪ್ಪ ಒಂದು ಬಿಡುವಿನ ದಿನ ತಮಾಷೆಗೆಂದು ಇಡೀ ಮನೆಯ ಮಟ್ಟ ತೆಗೆದು, ನಾಜೂಕಾದ ನಕ್ಷೆ ಬರೆದು, ಕ್ಯಾಲೆಂಡರಿನ ಪಕ್ಕ ಮೊಳೆ ಹೊಡೆದು ನೇತುಹಾಕಿದ. ದೊಡ್ಡಪ್ಪನ ಮಂಚದ ಪಕ್ಕ ಒಂದು ಸಂಖ್ಯೆ, ಅವ್ವನ ಒಲೆಯ ಪಕ್ಕ ಒಂದು ಸಂಖ್ಯೆ, ಎರಡರ ನಡುವೆ ನಾಲ್ಕಡಿ ಚಿಲ್ಲರೆ ವ್ಯತ್ಯಾಸ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ ನಗುತ್ತಿದ್ದ. ಅವ್ವ ಒಮ್ಮೆಯೂ ನಗಲಿಲ್ಲ. ಅಡುಗೆಮನೆಯ ನೆಲ ಎತ್ತರಿಸಿಕೊಡಿ ಎಂದು ಅವಳು ಕೇಳಿ ಆಗಲೇ ನಾಲ್ಕು ವರ್ಷವಾಗಿತ್ತು.

ದೊಡ್ಡಪ್ಪ ಅಪ್ಪನ ಅಣ್ಣ, ಮನೆಯ ಯಜಮಾನ. ಜಟಕಾ ಕುದುರೆಗಳಿಗೆ ಹುರುಳಿ, ಬೂಸಾ, ಹುಲ್ಲು ಮಾರುವ ಅಂಗಡಿ ಇಟ್ಟಿದ್ದ. ನಮ್ಮ ಊರಾದ ಹೂಟಗಳ್ಳಿಯ ಕಡೆ ಹೊಲಗಳಷ್ಟೇ ಇದ್ದ ಕಾಲದಲ್ಲಿ, ತಾತ ಸತ್ತ ಮೇಲೆ, ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈಸೂರಿಗೆ ನಡೆದುಬಂದು ಸ್ಕೂಲಿಗೆ ಸೇರಿಸಿದವನು ಅವನೇ. ಇದು ನಿಜ. ಈ ನಿಜವನ್ನು ನಮ್ಮ ಮನೆಯಲ್ಲಿ ದಿನಕ್ಕೊಂದು ಸಲವಾದರೂ ಯಾರಾದರೂ ಹೇಳುತ್ತಿದ್ದರು. ಅಜ್ಜಿಯೊಬ್ಬಳನ್ನು ಬಿಟ್ಟರೆ ಅಪ್ಪನೂ ಸೇರಿ ಮನೆಮಂದಿಯೆಲ್ಲ ದೊಡ್ಡಪ್ಪನಿಗೆ ಬಹುವಚನ ಕೊಟ್ಟೇ ಮಾತಾಡಬೇಕಿತ್ತು. ಅವನು ಇರುವಷ್ಟು ದಿನ ನಾನೂ ಕೊಟ್ಟಿದ್ದೇನೆ. ಈಗ ಬರೆಯುವ ಪೆನ್ನು ನನ್ನ ಕೈಯಲ್ಲಿದೆ. ಇಲ್ಲಿ ಅವನಿಗೆ ಏಕವಚನ. ಬಹುವಚನವನ್ನು ಮಾದಯ್ಯನವರಿಗೆ ಎತ್ತಿಟ್ಟಿದ್ದೇನೆ.

ಮಾದಯ್ಯನವರು ಅಪ್ಪನ ಕಚೇರಿಯವರು. ಅಳತೆಯ ಸಾಮಾನು ಹೊರುವ ಖಲಾಸಿಯಾಗಿ ಸೇರಿ, ಹತ್ತಾರು ವರ್ಷ ಬಿಸಿಲಲ್ಲಿ ಅಳತೆಕೋಲು ಹಿಡಿದು ನಿಂತು, ಅಪ್ಪನಿಂದಲೇ ಯಂತ್ರ ನೋಡುವುದನ್ನು ಕಲಿತು, ಪರೀಕ್ಷೆ ಕಟ್ಟಿ ಪಾಸಾಗಿ, ಸ್ವತಃ ಮಟ್ಟ ತೆಗೆಯುವ ಕೆಲಸಕ್ಕೆ ಬಡ್ತಿ ಪಡೆದವರು. ಆಗ ಅವರಿಗೆ ನಲವತ್ತು ದಾಟಿತ್ತು. ನಾಲ್ಕು ಮಕ್ಕಳು. ಕಚೇರಿಗೆ ಹೋಗುವ ಮುಂಚೆ ದಿನವೂ ನಮ್ಮ ಮನೆಗೆ ಬಂದು ಅಪ್ಪನ ಜೊತೆ ಅವತ್ತಿನ ಕೆಲಸ ಮಾತಾಡಿಕೊಂಡು ಹೋಗುತ್ತಿದ್ದರು. ಊರಾಚೆಯ ಕೇರಿಯಿಂದ ಬಂದವರೆಂದು ದೊಡ್ಡಪ್ಪ ಅವರನ್ನು ಜಗಲಿಗೆ ಹತ್ತಗೊಡುತ್ತಿರಲಿಲ್ಲ. ಅವರು ಕೂರುತ್ತಿದ್ದದ್ದು ಕೆಳಗಿನ ಮೆಟ್ಟಿಲ ಮೇಲೆ. ಅವರ ಲೋಟ ಹೊರಗಿನ ಗೋಡೆಯ ಗೂಡಿನಲ್ಲಿರುತ್ತಿತ್ತು. ತೆಗೆದುಕೊಳ್ಳುತ್ತಿದ್ದವರು ಅವರೇ, ತೊಳೆದು ಇಡುತ್ತಿದ್ದವರೂ ಅವರೇ. ಮೇಲೆ ನಿಂತು ಕಾಫಿ ಹುಯ್ಯುತ್ತಿದ್ದವಳು ನಾನು. ಅಪ್ಪ ಅವರನ್ನು ಕಚೇರಿಯಲ್ಲಿ ‘ಬನ್ನಿ ಮಾದಯ್ಯ’ ಎನ್ನುತ್ತಿದ್ದನಂತೆ. ಮನೆಯ ಮುಂದೆ ಬಂದರೆ ಅದು ‘ಬಾ ಮಾದಯ್ಯ’ ಆಗುತ್ತಿತ್ತು. ಮನೆಯ ನಕ್ಷೆಯಲ್ಲಿ ಅಪ್ಪ ಆ ಮೆಟ್ಟಿಲ ಮಟ್ಟ ಬರೆದಿರಲಿಲ್ಲ.

ಒಂದು ದಿನ ಅಪ್ಪ ದುರ್ಬೀನಿನ ಯಂತ್ರವನ್ನು ಬೀದಿಯಲ್ಲಿ ಮೂರು ಕಾಲಿನ ಮೇಲೆ ನಿಲ್ಲಿಸಿ ಒಳಗೆ ಹೋಗಿದ್ದಾಗ, ಮಾದಯ್ಯನವರು ನನ್ನನ್ನು ಕರೆದು ನೋಡು ಎಂದರು. ಕಣ್ಣಿಟ್ಟೆ. ಹುಣಸೇಮರ ಬೇರು ಮೇಲಾಗಿ ನೇತಾಡುತ್ತಿತ್ತು, ಒಂದು ಜಟಕಾ ಆಕಾಶದಲ್ಲಿ ಚಕ್ರ ಉರುಳಿಸಿಕೊಂಡು ಹೋಯಿತು. ಕಿರಿಚಿಕೊಂಡೆ. ಅವರು ನಕ್ಕರು.

"ಎದುರ್ಕೋಬ್ಯಾಡ ತಾಯಿ. ಇದ್ರೊಳ್ಗೆ ಲೋಕ ತಲೆಕೆಳಗೇ ಕಾಣದು. ನೋಡೋನು ಮನ್ಸಲ್ಲಿ ನೆಟ್ಟಗೆ ಮಾಡ್ಕಬೇಕು, ಅಷ್ಟೇಯ."

ಇನ್ನು ಆ ಕಲ್ಲು. ಜಗಲಿಯ ಬೀದಿ ಕಡೆಯ ಮೂಲೆಯಲ್ಲಿ ಒಂದು ಉದ್ದನೆಯ ಕಲ್ಲಿತ್ತು. ಅದರ ಮುಖದ ಮೇಲೆ ಯಾವ ಕಾಲದಲ್ಲೋ ಉಳಿಯಿಂದ ಕೆತ್ತಿದ ಗುರುತು. ಮೇಲೆ ಒಂದು ಅಡ್ಡಗೆರೆ, ಅದರ ನಡುವಿಗೆ ಕೆಳಗಿನಿಂದ ಬಂದು ಸೇರುವ ಮೂರು ಗೆರೆ, ಬಾಣದ ಮೊನೆಯ ಹಾಗೆ. ಆ ಅಡ್ಡಗೆರೆ ಸಮುದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂಬುದು ಕಚೇರಿಯ ಪುಸ್ತಕದಲ್ಲಿ ಬರೆದಿತ್ತು. ಸುತ್ತಲಿನ ರಸ್ತೆ, ಮೋರಿ, ನಲ್ಲಿ ಎಲ್ಲದರ ಮಟ್ಟವನ್ನೂ ಆ ಗೆರೆಯಿಂದಲೇ ಲೆಕ್ಕ ಹಿಡಿಯಬೇಕು. ಅಪ್ಪ ಅದನ್ನು ಬೆಂಚ್‌ಮಾರ್ಕ್ ಎನ್ನುತ್ತಿದ್ದ. ಊರಲ್ಲಿ ಅಷ್ಟು ಮನೆಗಳಿರುವಾಗ ಅದು ನಮ್ಮ ಜಗಲಿಯಲ್ಲೇ ಇರುವುದು ಅವನಿಗೆ ದೊಡ್ಡ ಹೆಮ್ಮೆ. ಅಜ್ಜಿಗೆ ಮಾತ್ರ ಅದು ರಂಗನಾಥನ ನಾಮ. ಯಾರೋ ತಿಳಿಗೇಡಿ ತಲೆಕೆಳಗಾಗಿ ಕೂರಿಸಿದ್ದಾನೆ ಎಂದು ಅವಳ ದೂರು. ಪ್ರತಿ ಶನಿವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಪ್ರತಿ ಭಾನುವಾರ ಅಪ್ಪ ತೆಂಗಿನ ನಾರು ತೆಗೆದುಕೊಂಡು ಗೆರೆ ಕಾಣುವ ಹಾಗೆ ಉಜ್ಜಿ ತೊಳೆಯುತ್ತಿದ್ದ.

"ಅವ್ವಾ, ಇದು ದೇವರಲ್ಲ. ಇದರಿಂದ ಊರಿನ ಎತ್ತರ ಅಳೀತೀವಿ. ನಮ್ಮ ಜಗಲಿ ಸಮುದ್ರದಿಂದ ಎರಡೂವರೆ ಸಾವಿರ ಅಡಿ ಮೇಲಿದೆ ಅಂತ ಈ ಗೆರೆ ಹೇಳ್ತದೆ."

"ಸಮುದ್ರ ನೋಡಿದ್ದೀಯೇನ್ಲಾ?"

"ಇಲ್ಲ."

"ನೋಡ್ದೇ ಇರೋ ಸಮುದ್ರುದಿಂದ ಅಳೀತೀಯ, ಕಣ್ಮುಂದೆ ಇರೋ ದೇವ್ರನ್ನ ಅಲ್ಲ ಅಂತೀಯ. ಓದಿದ್ದು ಎಚ್ಚಾಯ್ತು ಕಣ್ಲಾ ನಿಂಗೆ."

ಅಪ್ಪ ಬಗ್ಗಿ ಮತ್ತೆ ಕಲ್ಲು ಉಜ್ಜತೊಡಗಿದ. ನಾನು ಅಪ್ಪನ ಕಡೆಗೇ ಇದ್ದೆ. ಮನೆಯಲ್ಲಿ ಯಾರಾದರೂ ಎತ್ತರ, ತಗ್ಗು, ಜಾಸ್ತಿ, ಕಡಿಮೆ ಎಂದರೆ ಸಾಕು, ಅವನು ‘ಯಾವುದರಿಂದ?’ ಎಂದು ಕೇಳುತ್ತಿದ್ದ. ಸಾರಿಗೆ ಖಾರ ಜಾಸ್ತಿಯಾಯಿತು ಎಂದು ದೊಡ್ಡಪ್ಪ ಗೊಣಗಿದರೆ ಅಪ್ಪ ಮೆತ್ತಗೆ ‘ಯಾವುದರಿಂದ?’ ಎನ್ನುವನು, ನಾನೂ ಅವ್ವನೂ ಅವಳ ಸೆರಗನ್ನೇ ಬಾಯಿಗೆ ಒತ್ತಿಕೊಂಡು ನಗುವೆವು. ಒಂದನ್ನು ಅಳೆಯುವ ಮೊದಲು ಎಲ್ಲಿಂದ ಅಳೆಯುತ್ತಿದ್ದೇವೆ ಎಂದು ಗೊತ್ತಿರಬೇಕು, ಆ ಜಾಗ ಅಲ್ಲಾಡಬಾರದು, ಯಾರ ಮುಲಾಜಿಗೂ ಅಲ್ಲಾಡಬಾರದು ಎಂದು ಹೇಳಿಕೊಟ್ಟವನು ಅವನು. ನಾನು ಅದನ್ನು ನಂಬಿದೆ. ಹತ್ತು ವರ್ಷದ ಹುಡುಗಿ, ಅಪ್ಪ ಹೇಳಿದ್ದನ್ನು ನಂಬದೆ ಏನು ಮಾಡುತ್ತಾಳೆ.

ದೊಡ್ಡಪ್ಪನ ಮಗಳು ಗೌರಕ್ಕನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ರಂಗನಾಥನ ಒಕ್ಕಲು. ದಿಬ್ಬಣ ಬಂದು ಇಳಿಯುವ ಜಾಗದಲ್ಲೇ ನಾಮ ತಲೆಕೆಳಗಾಗಿ ಕಂಡರೆ ಅಪಶಕುನವಲ್ಲವೇ ಎಂದು ಅಜ್ಜಿ ಶುರುಮಾಡಿದಳು. ಅಪ್ಪ ಯಾವುದೋ ಕೆರೆಯ ಅಳತೆಗೆಂದು ಹನ್ನೆರಡು ದಿನದ ಕ್ಯಾಂಪಿಗೆ ಹೋಗಿದ್ದ. ಸುಣ್ಣ ಬಳಿಯಲು, ಜಗಲಿಗೆ ಗಾರೆ ಮೆತ್ತಲು ಆಳುಗಳು ಬಂದಿದ್ದರು. ಬಂದವರು ಬಂದಿದ್ದಾರಲ್ಲ ಎಂದು ದೊಡ್ಡಪ್ಪ ಗಾರೆ ಕೆಲಸದವನಿಗೆ ಹೇಳಿ ಆ ಕಲ್ಲನ್ನು ಕೀಳಿಸಿದ, ಕೆಳಗು ಮೇಲು ಮಾಡಿಸಿದ, ಮತ್ತೆ ಅದೇ ಜಾಗದಲ್ಲಿ ಕೂರಿಸಿ ಗಾರೆ ಹಾಕಿಸಿದ. ಈಗ ಅಡ್ಡಗೆರೆ ಕೆಳಗೆ, ಅದರ ಮೇಲಿಂದ ಮೂರು ಗೆರೆ ಆಕಾಶದ ಕಡೆಗೆ. ಅಚ್ಚುಕಟ್ಟಾದ ನಾಮ. ಅಜ್ಜಿ ಕರ್ಪೂರ ಹಚ್ಚಿದಳು. ನನ್ನ ಕೈಗೆ ಕಡಲೆ, ಬೆಲ್ಲ ಕೊಟ್ಟಳು. ತಿಂದೆ. ಅವ್ವ ಹೊಸಿಲ ಮೇಲೆ ನಿಂತು ನೋಡಿ, ‘ಅವ್ರು ಬರೋಗಂಟ ತಡೀಬೋದಿತ್ತು’ ಎಂದಷ್ಟೇ ಹೇಳಿ ಒಳಗೆ ಹೋದಳು.

ಅಪ್ಪ ಕ್ಯಾಂಪಿನಿಂದ ಜಟಕಾದಲ್ಲಿ ಬಂದ. ಟ್ರಂಕು ಇಳಿಸುತ್ತಿದ್ದವನು ಕಲ್ಲು ನೋಡಿ ಟ್ರಂಕನ್ನು ಬೀದಿಯಲ್ಲೇ ಬಿಟ್ಟ.

"ಅಣ್ಣ, ಇದನ್ನ ಯಾರು ತಿರುಗಿಸಿದ್ದು?"

"ನಾನೇ ಕಣ್ಲಾ. ತಲೆಕೆಳಗಿತ್ತು, ನೆಟ್ಟಗೆ ಮಾಡಿಸ್ದೆ. ಅದೇ ಕಲ್ಲು, ಅದೇ ಜಾಗ. ಒಂದು ಚೂರು ಮುಕ್ಕಾಗಿಲ್ಲ, ಬೇಕಾರೆ ನೋಡ್ಕೊ."

"ಇದು ಸರ್ಕಾರಿ ಗುರುತು ಅಣ್ಣ. ಇದನ್ನ ಮುಟ್ಟಿದೋರ ಮೇಲೆ ಕೇಸ್ ಹಾಕ್ತಾರೆ."

"ಮನೆ ನಂದು, ಜಗಲಿ ನಂದು, ನಾಮ ದೇವ್ರುದು. ಸರ್ಕಾರದ್ದು ಏನ್ಲಾ ಅದೆ ಇದ್ರಲ್ಲಿ? ನಿಂಗೆ ಇದು ಸರ್ಕಾರುದ್ದು ಅಂತ ಓದೋಕೆ ಬರೋದೂ ನಾನು ಓದ್ಸಿದ್ರಿಂದ, ಗ್ಯಾಪ್ಕ ಇಟ್ಕೊ."

ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯ ಜಗಳಗಳೆಲ್ಲ ಮುಗಿಯುತ್ತಿದ್ದದ್ದು ಆ ಹೆಗಲ ಮೇಲೆ, ಆ ಸ್ಕೂಲಿನ ಬಾಗಿಲಲ್ಲಿ. ಮದುವೆ ಕಳೆದು ನಂಟರೆಲ್ಲ ಹೋದ ಮೇಲೆ, ಇನ್ನು ಹೇಗಾದರೂ ಮಾಡಿಕೊ ಎಂದು ದೊಡ್ಡಪ್ಪ ಬಿಟ್ಟಾಗ, ಅಪ್ಪ ಒಬ್ಬನೇ ಕೂತು ಕಲ್ಲನ್ನು ಕಿತ್ತು ಮತ್ತೆ ಬಾಣ ಮೇಲಾಗುವಂತೆ ತಿರುಗಿಸಿದ. ಗೋಡೆಗೆ ದಾರ ಹಿಡಿದ, ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬರುವವರೆಗೂ ಕುಟ್ಟಿದ. ಹಳೆಯ ಗಾರೆಯ ಗುರುತೆಲ್ಲ ಆಳುಗಳು ಕೆರೆದು ಹಾಕಿದ್ದರಿಂದ ಕಲ್ಲು ಮೊದಲು ಎಷ್ಟೆತ್ತರದಲ್ಲಿತ್ತು ಎಂಬುದನ್ನು ಅಂದಾಜಿನಲ್ಲೇ ಹಿಡಿದ. ಕಲ್ಲು ಅಲ್ಲಾಡಿದೆ ಎಂದು ಕಚೇರಿಗೆ ಒಂದು ಕಾಗದ ಬರೆಯುವುದು ಅವನ ಕರ್ತವ್ಯ. ಬರೆದರೆ ಬೇರೆಯವರು ಬಂದು ಯಂತ್ರವಿಟ್ಟು ಸರಿಯಾದ ಎತ್ತರ ಹೊಸದಾಗಿ ಪುಸ್ತಕದಲ್ಲಿ ಹಾಕುತ್ತಿದ್ದರು, ಅಷ್ಟೇ. ಬರೆಯಿರಿ ಎಂದು ಅವ್ವ ಹೇಳಿದಳು.

"ಬರೆದ್ರೆ ಯಾರು ಅಲ್ಲಾಡಿಸಿದ್ದು ಅಂತ ಕೇಳ್ತಾರೆ. ಅಣ್ಣನ ಹೆಸರು ಬರೀಲಾ?"

"ಓಗ್ಲಿ, ನೀವೇ ಯಂತ್ರ ತಂದು ಒಂದ್ಸಲ ನೋಡ್ಕೊಳಿ."

"ಖಲಾಸಿಗಳಿಗೆ ಗೊತ್ತಾಗ್ತದೆ. ಬಿಡು. ಎಲ್ಲಾ ಸರಿಯಾಗೇ ಕೂತಿದೆ."

ಕಾಲಿಂಚಿಗೆ ಇಡೀ ದಿನದ ಕೆಲಸ ಹೊಡೆದುಹಾಕುತ್ತಿದ್ದ ಮನುಷ್ಯನ ಮಾತು ಇದು.

ಮಾರನೆಯ ವರ್ಷ ನಮ್ಮ ಬಡಾವಣೆಗೆ ಒಳಚರಂಡಿ ಬಂತು. ಕೆಲಸ ಬೇಗ ಮುಗಿಯಲೆಂದು ಎರಡು ಕಡೆಯಿಂದ ಅಗೆಯುತ್ತಾ ಬಂದು ನಡುವೆ ಸೇರಿಸುವುದೆಂದು ತೀರ್ಮಾನವಾಯಿತು. ಆ ಕಡೆಯ ತಂಡಕ್ಕೆ ಹಳೆಯ ಸೇತುವೆಯ ಮೇಲಿದ್ದ ಗುರುತು ಆಧಾರ. ಈ ಕಡೆಯ ತಂಡಕ್ಕೆ ನಮ್ಮ ಜಗಲಿಯ ಕಲ್ಲು. ಈ ಕಡೆಯ ಮಟ್ಟ ತೆಗೆಯುವ ಹೊಣೆ ಮಾದಯ್ಯನವರದು. ಸ್ವತಂತ್ರವಾಗಿ ಅವರ ಕೈಗೆ ಬಂದ ಮೊದಲ ದೊಡ್ಡ ಕೆಲಸ. ಅವರು ಹೊಸ ಅಂಗಿ ಹೊಲಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು, ಕಲ್ಲಿನ ಮೇಲೆ ಕೋಲು ನಿಲ್ಲಿಸಿ ಕೆಲಸ ಶುರುಮಾಡಿದರು. ಅಪ್ಪ ಜಗಲಿಯ ಮೇಲೆ ನಿಂತು ನೋಡುತ್ತಿದ್ದ. ಆಗಲಾದರೂ ಬಾಯಿಬಿಡಬಹುದಿತ್ತು. ‘ಮಾದಯ್ಯ, ಈ ಕಲ್ಲು ನಂಬಬೇಡ, ಬೇರೆ ಕಡೆಯಿಂದ ತಾ’ ಎಂದರೆ ಸಾಕಿತ್ತು, ಕಾರಣ ಹೇಳುವುದೂ ಬೇಕಿರಲಿಲ್ಲ. ಎರಡು ತಂಡಗಳೂ ಜಟಕಾದವರ ಗಲ್ಲಿಯಲ್ಲಿ ಬಂದು ಸೇರಿದವು. ನಮ್ಮ ಕಡೆಯ ಕೊಳವೆ ಆ ಕಡೆಯದಕ್ಕಿಂತ ಎರಡು ಬೆರಳು ತಗ್ಗಿನಲ್ಲಿತ್ತು. ಅವಸರದಲ್ಲಿ ಹೇಗೋ ಜೋಡಿಸಿ ಮಣ್ಣು ಮುಚ್ಚಿದರು. ಮೊದಲ ಮಳೆಗೇ ನಮ್ಮ ಬೀದಿಯ ಕೊಚ್ಚೆಯೆಲ್ಲ ಮುಂದಕ್ಕೆ ಹೋಗದೆ ಗಲ್ಲಿಯಲ್ಲಿ ಉಕ್ಕಿತು. ಜಟಕಾದವರ ಮನೆಗಳ ಒಲೆಗಳಲ್ಲಿ ಹೊಲಸು ನಿಂತಿತ್ತು. ಹೆಂಗಸರು ಪಾತ್ರೆ ಎತ್ತಿಕೊಂಡು ಕಚೇರಿಯ ಮುಂದೆ ಹೋಗಿ ಕೂತರು. ಮಟ್ಟ ತಪ್ಪಿದ್ದು ನಮ್ಮ ಕಡೆಯ ತಂಡದ್ದು ಎಂದು ಒಂದೇ ದಿನದಲ್ಲಿ ಗೊತ್ತಾಯಿತು. ಮಾದಯ್ಯನವರಿಗೆ ನೋಟೀಸು ಬಂತು. ತಪ್ಪು ಅವರದೆಂದು ಸಾಬೀತಾದರೆ ಕೆಲಸ ಹೋಗುತ್ತದೆ.

ಅವರು ಅವತ್ತು ಬಂದು ಮೆಟ್ಟಿಲ ಮೇಲೆ ಕೂತು ತಮ್ಮ ಲೆವೆಲ್ ಬುಕ್ಕಿನ ಒಂದೊಂದೇ ಹಾಳೆ ಅಪ್ಪನಿಗೆ ತೋರಿಸಿದರು. ಎಲ್ಲವನ್ನೂ ಮೂರು ಸಲ ಕೂಡಿ ಕಳೆದು ನೋಡಿದ್ದರು.

"ಎಲ್ಲಿ ತಪ್ಪಿದ್ದೀನಿ ಸಾರ್? ನೀವೇ ಕಲ್ಸಿದ್ದು, ನೀವೇ ಏಳಿ. ಲೆಕ್ಕ ಸರೀಗದೆ. ಕಲ್ಲೇ ಏನಾರ ಕುಸ್ದಿದ್ದಾತಾ ಅಂತ."

"ಕಲ್ಲು ಎಲ್ಲಿಗೆ ಕುಸೀತದೆ ಮಾದಯ್ಯ," ಎಂದ ಅಪ್ಪ.

"ಸಾಹೇಬ್ರು ಬುಧ್ವಾರ ಬತ್ತರೆ ಸಾರ್. ಸೇತುವೆ ಇಂದ ಮಟ್ಟ ತಂದು ಈ ಕಲ್ಲಿಗೆ ಆಕಿ ನೋಡಾನ ಅಂತ ನಾನೇ ಕೇಳ್ಕಂಡಿದ್ದೀನಿ. ಆಗ ಗೊತ್ತಾಗೋಯ್ತದೆ ಬುಡಿ."

ಎಷ್ಟು ನೆಮ್ಮದಿಯಿಂದ ಹೇಳಿದರು. ಅಳತೆಯನ್ನು ಅವರು ನಂಬಿದ್ದರು. ಅಡುಗೆಮನೆಯಲ್ಲಿ ಅವತ್ತು ಅವ್ವ ಮುದ್ದೆಕೋಲು ಕೈಯಲ್ಲಿ ಹಿಡಿದುಕೊಂಡೇ ಅಪ್ಪನಿಗೆ ಹೇಳಿದಳು. ಮಕ್ಕಳೊಂದಿಗನ ಅನ್ನ ಕಣ್ರೀ ಅದು, ನಿಜ ಹೇಳಿಬಿಡಿ, ನಿಮ್ಮನ್ನೇನು ನೇಣಿಗೆ ಹಾಕೋದಿಲ್ಲ ಎಂದಳು. ನನಗೆ ಅಣ್ಣ ಬೇರೆಯಲ್ಲ, ದೇವರು ಬೇರೆಯಲ್ಲ ಎಂದು ಅಪ್ಪ ಅತ್ತ. ಅಪ್ಪ ಅತ್ತದ್ದನ್ನು ಕಂಡು ನನಗೂ ಅಳು ಬಂತು, ಅವನು ಒಳ್ಳೆಯ ದಾರಿ ಹಿಡಿಯುತ್ತಾನೆ ಎಂದುಕೊಂಡೆ. ಈಗ ನೆನೆದರೆ ಆ ಅಳುವಿನ ಮೇಲೇ ನನಗೆ ಹೆಚ್ಚು ಸಿಟ್ಟು.

ಭಾನುವಾರ ಬೆಳಿಗ್ಗೆ ಅಪ್ಪ ಯಂತ್ರ ಮನೆಗೆ ತಂದ. ಖಲಾಸಿಗಳಿಲ್ಲ. ನನ್ನನ್ನು ಕರೆದು ಅಳತೆಕೋಲು ಕೈಗೆ ಕೊಟ್ಟ. ನನ್ನ ಎರಡರಷ್ಟು ಎತ್ತರದ ಕೋಲು. ಎಷ್ಟೋ ದಿನದಿಂದ ಹಿಡಿಯಬೇಕೆಂದು ಕಾಡಿದ್ದೆ, ಹುಡುಗೀರಿಗಲ್ಲ ಎಂದು ಬೈಸಿಕೊಂಡಿದ್ದೆ. ಖುಷಿಯಿಂದ ಕುಣಿದೆ. ಹಳೆಯ ಸೇತುವೆಯ ಗುರುತಿನಿಂದ ಶುರುಮಾಡಿ, ಬೀದಿಯುದ್ದಕ್ಕೂ ಅವನು ಹೇಳಿದಲ್ಲೆಲ್ಲ ಕೋಲು ನೆಟ್ಟಗೆ ನಿಲ್ಲಿಸಿಕೊಂಡು ನಮ್ಮ ಜಗಲಿಯವರೆಗೂ ಬಂದೆ. ಎದುರು ಮನೆಯವರು ಕೇಳಿದರು.

"ಏನ್ ಸಾರ್, ಭಾನುವಾರನೂ ಕೆಲಸವಾ?"

"ಮಗಳಿಗೆ ಕಲಿಸ್ತಿದ್ದೀನಿ," ಎಂದ ಅಪ್ಪ. ನನ್ನ ಮುಖ ಊರಗಲವಾಯಿತು.

ಆಮೇಲೆ ಕಲ್ಲು ಸಡಿಲಿಸಿದ. ಕೆಳಗೆ ಚಕ್ಕೆ ಕೊಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತಿದ. ನಾನು ಅಡ್ಡಗೆರೆಯ ಮೇಲೆ ಕೋಲು ಇಡುವುದು, ಅವನು ಹೋಗಿ ದುರ್ಬೀನಿನಲ್ಲಿ ನೋಡುವುದು, ಮತ್ತೆ ಬಂದು ಎತ್ತುವುದು. ಎಷ್ಟು ಸಲ ನಡೆಯಿತೋ ಲೆಕ್ಕವಿಲ್ಲ. ಕೊನೆಗೆ ಪುಸ್ತಕದಲ್ಲಿದ್ದ ಎತ್ತರಕ್ಕೆ ಸರಿಯಾಗಿ ಕೂತಿತು, ಗಾರೆ ತುಂಬಿದ. ಅವನ ಜನ್ಮದಲ್ಲಿ ಅಷ್ಟು ನಿಖರವಾದ ಕೆಲಸ ಇನ್ನೊಂದು ಮಾಡಿರಲಾರ. ಒಂದು ವರ್ಷ ಮುಂಚೆ ಇದೇ ಯಂತ್ರ ತರಬಹುದಿತ್ತು, ಇದೇ ಮಗಳ ಕೈಗೆ ಇದೇ ಕೋಲು ಕೊಡಬಹುದಿತ್ತು. ಆಗ ಖಲಾಸಿಗಳ ನೆಪ ಹೇಳಿದ್ದ. ಹಸಿ ಗಾರೆ ಎದ್ದು ಕಾಣುತ್ತಿತ್ತು. ಅವನು ಒಳಗೆ ತಿರುಗಿ ಅಜ್ಜಿಯನ್ನು ಕೂಗಿದ.

"ಅವ್ವಾ, ಒಂದಿಷ್ಟು ಅರಿಶಿನ ಕುಂಕುಮ ತಗೊಂಡು ಬಾ."

ಅಜ್ಜಿ ಬೆರಗಾಗಿ ಬಟ್ಟಲನ್ನೇ ತಂದಳು. ಕಲ್ಲಿನ ಸುತ್ತಾ ಗಾರೆ ಮುಚ್ಚುವ ಹಾಗೆ ದಪ್ಪಗೆ ಬಳಿದಳು. ಕೊನೆಗೂ ದೇವರು ಮಗನ ಕಣ್ಣು ತೆರೆಸಿದ ಎಂದು ಅವಳಿಗೆ ಸಂತೋಷ. ಆಗ ನನಗೆ ಬುಧವಾರ ಸಾಹೇಬರು ಬರುತ್ತಾರೆ, ಕಲ್ಲು ತಪ್ಪಾಗಿತ್ತು ಎಂದು ಗೊತ್ತಾಗುತ್ತದೆ ಎಂದು ಮಾದಯ್ಯನವರು ಹೇಳಿದ್ದು ನೆನಪಾಯಿತು. ಈಗ ಕಲ್ಲು ತಪ್ಪಾಗಿರಲಿಲ್ಲ.

ಬುಧವಾರ ಜಗಲಿಯ ಮೇಲೆ ಸಾಹೇಬರಿಗೆ ಕುರ್ಚಿ ಹಾಕಿದರು. ಪಕ್ಕದಲ್ಲಿ ದೊಡ್ಡಪ್ಪ ಪೇಟ ಸುತ್ತಿಕೊಂಡು ಕೂತ. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಮಾದಯ್ಯನವರು ಸೇತುವೆಯಿಂದ ಮಟ್ಟ ತೆಗೆಯುತ್ತಾ ಬಂದರು, ಖಲಾಸಿ ನಮ್ಮ ಕಲ್ಲಿನ ಮೇಲೆ ಕೋಲು ನಿಲ್ಲಿಸಿದ, ಅವರು ದುರ್ಬೀನಿನಲ್ಲಿ ನೋಡಿದರು. ಬುಕ್ಕಿನಲ್ಲಿ ಬರೆದರು. ಮತ್ತೆ ನೋಡಿದರು. ಸಾಹೇಬರು ಬುಕ್ಕು ಇಸಿದುಕೊಂಡು ಕೂಡಿ ಕಳೆದು ನೋಡಿ, ಕಲ್ಲು ಸರಿಯಾಗೇ ಇದೆಯಲ್ಲಯ್ಯ ಎಂದರು. ಮಾದಯ್ಯನವರು ಬಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದು ಬೆರಳಿಂದ ಕುಂಕುಮ ಸವರಿದರು. ಕೆಂಪಿನ ಕೆಳಗೆ ಬೆಳ್ಳಗೆ ಗಾರೆ ಕಂಡಿತು. ತಲೆಯೆತ್ತಿ ಅಪ್ಪನನ್ನು ನೋಡಿದರು.

"ಸಾರ್, ಈ ಕಲ್ಗೆ ಕುಂಕುಮ ಇಡಬಾರ್ದು ಅಂತ ನೀವೇ ತೊಳೀತಿದ್ರಿ."

ಮಾತಾಡಿದ್ದು ದೊಡ್ಡಪ್ಪ.

"ಎಂಗಸ್ರು ಪೂಜೆ ಮಾಡವ್ರೆ, ಅದನ್ಯಾಕ್ಲಾ ಮುಟ್ತೀಯ? ಮೈಲಿಗೆ ಆಯ್ತದೆ, ಏಳು ಅತ್ಲಾಗೆ."

ಸಾಹೇಬರೂ ‘ಏಳು ಮಾದಯ್ಯ, ಪೂಜೆಯ ಕಲ್ಲು’ ಎಂದರು. ಸರ್ಕಾರದ ಗುರುತನ್ನು ಸರ್ಕಾರದ ನೌಕರ ಮುಟ್ಟಬಾರದಂತೆ. ಗಾರೆ ಕೆರೆದು ನೋಡುವ ಮಾತೇ ಅಲ್ಲಿಗೆ ನಿಂತಿತು. ಮಾದಯ್ಯನವರು ಎದ್ದು ನಿಂತರು, ಬೆರಳನ್ನು ಪಂಚೆಗೆ ಒರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಹೊಸಿಲ ಮೇಲಿಂದ ಕೂಗಿದೆ.

"ಭಾನುವಾರ ಅಪ್ಪನೇ ಕಲ್ಲು ಎತ್ತಿಟ್ಟಿದ್ದು! ಕೋಲು ನಾನೇ ಹಿಡ್ಕೊಂಡಿದ್ದೆ!"

ಸಾಹೇಬರು ತಿರುಗಿ ನನ್ನನ್ನು ನೋಡಿದರು, ಆಮೇಲೆ ಅಪ್ಪನನ್ನು. ಅಪ್ಪ ನನ್ನ ಕಡೆ ನೋಡಲೇ ಇಲ್ಲ.

"ಸುಳ್ಳು ಸಾರ್. ಇವಳಿಗೆ ಮೊದಲಿಂದ್ಲೂ ಸುಳ್ಳು ಹೇಳೋ ಚಾಳಿ."

ಅವನ ದನಿ ನಡುಗಲಿಲ್ಲ. ಅಳತೆಯ ಸಂಖ್ಯೆ ಓದಿ ಹೇಳುವಾಗ ಹೇಗೆ ಹೇಳುತ್ತಿದ್ದನೋ ಹಾಗೇ ಹೇಳಿದ. ಸಾಹೇಬರು ‘ಮಕ್ಕಳು’ ಎಂದು ನಕ್ಕು ಕಾಗದದಲ್ಲಿ ಏನೋ ಬರೆದುಕೊಂಡರು. ಮಾದಯ್ಯನವರು ಯಂತ್ರವನ್ನು ಬಿಚ್ಚಿ, ಗಾಜು ಒರೆಸಿ, ಪೆಟ್ಟಿಗೆಯಲ್ಲಿ ಅದರದರ ಜಾಗದಲ್ಲಿ ಇಟ್ಟು, ಬೀಗ ಹಾಕಿ ಬೀಗದಕೈಯನ್ನು ಅಪ್ಪನ ಕಾಲ ಹತ್ತಿರ ಜಗಲಿಯ ಅಂಚಿನಲ್ಲಿ ಇಟ್ಟರು.

"ಚೆನ್ನಾಗಿ ನಾಮ ಎಳುದ್ರಿ ಸಾರ್," ಎಂದರು. "ಮಗೀನ ಒಡೀಬ್ಯಾಡಿ."

ಅವರನ್ನು ಕೆಲಸದಿಂದ ತೆಗೆದರು. ಅವರು ನಮ್ಮ ಬೀದಿಗೆ ಮತ್ತೆ ಬರಲಿಲ್ಲ. ಅಪ್ಪನಿಗೆ ಎರಡು ವರ್ಷದಲ್ಲಿ ಬಡ್ತಿ ಸಿಕ್ಕಿತು. ಇಷ್ಟೂ ವರ್ಷದಲ್ಲಿ ಅವನು ಆ ಬುಧವಾರದ ಬಗ್ಗೆ ನನ್ನ ಹತ್ತಿರ ಒಂದೇ ಒಂದು ಮಾತು ಆಡಲಿಲ್ಲ. ನಾನು ಹೇಳುವ ಮಾತನ್ನು ಯಾರಾದರೂ ಒಂದು ಗಳಿಗೆ ಅನುಮಾನದಿಂದ ನೋಡಿದರೆ ಈಗಲೂ ನನ್ನ ಮೈಯೆಲ್ಲ ಹತ್ತಿ ಉರಿಯುತ್ತದೆ. ಕಟ್ಟಿಕೊಂಡವನೂ ಹೆತ್ತ ಮಕ್ಕಳೂ ಅದರ ಬಿಸಿ ಕಂಡಿದ್ದಾರೆ. ಯಾಕೆ ಇಷ್ಟು ರೇಗುತ್ತೀಯ ಎಂದು ಅವರು ಕೇಳಿದಾಗೆಲ್ಲ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಅಪ್ಪನ ಮರ್ಯಾದೆ ಕಳೆದೆ ಎಂದು ತಂಗಿ ಬೈದರೆ ಬೈಯಲಿ.

ಆ ಬುಧವಾರ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಊಟಕ್ಕೆ ಕೂತೆವು. ದೊಡ್ಡಪ್ಪ, ಅಪ್ಪ, ಕೊನೆಯಲ್ಲಿ ನಾನು. ಅವ್ವ ಮುದ್ದೆ ಇಟ್ಟು ಬಸ್ಸಾರು ಹಾಕಿದಳು. ದೊಡ್ಡಪ್ಪನಿಗೆ ಗಂಡಾಂತರ ಕಳೆದ ಗೆಲುವು. ಹುಡುಗಿಯನ್ನು ಸಮಾಧಾನ ಮಾಡೋಣವೆಂದೋ ಏನೋ, ನನ್ನ ಕಡೆ ಕೈ ತೋರಿಸಿದ.

"ಮಗೀಗೆ ವಸಿ ತುಪ್ಪ ಆಕವ್ವ. ಏನೋ ತಿಳೀದೆ ಒಂದು ಸುಳ್ಳು ಏಳ್ಬುಡ್ತು, ಓಗ್ಲಿ."

ಅವ್ವ ಬಾವನ ಮುಂದೆ ನಿಂತು ಮಾತಾಡಿದವಳಲ್ಲ. ಅವತ್ತು ತುಪ್ಪದ ಮಿಳ್ಳೆ ಹಿಡಿದುಕೊಂಡು ಬಂದು ನೇರವಾಗಿ ಅವನ ಮುಂದೆ ನಿಂತಳು.

"ಈ ಮನೇಲಿ ಸುಳ್ಳು ಏಳ್ದೋರ್ಗೆ ತುಪ್ಪ ಆಕೋದಾದ್ರೆ, ಮೊದ್ಲು ನಿಮ್ಗೆ ಆಕ್ಬೇಕು ಬಾವ."

ಮುದ್ದೆ ಮುಳುಗುವಷ್ಟು ಸುರಿದಳು. ಅವನು ತಟ್ಟೆಗೆ ಅಡ್ಡ ಹಿಡಿದ ಕೈಯ ಮೇಲೂ ಬಿತ್ತು. ಆಮೇಲೆ ಅಪ್ಪನ ಮುಂದೆ ಬಂದು ಅವನ ತಟ್ಟೆಗೂ ಹಾಗೇ ಸುರಿದಳು. ನನ್ನ ಹತ್ತಿರ ಬಂದಳು, ಮಿಳ್ಳೆಯನ್ನು ನನಗೆ ಕಾಣುವ ಹಾಗೆ ಎತ್ತಿ ಹಿಡಿದು, ಒಂದು ತೊಟ್ಟೂ ಹಾಕದೆ ಹಿಂದಕ್ಕೆ ಹೋಗಿ ನಿಂತಳು. ಯಾರೂ ತುತ್ತು ಎತ್ತಲಿಲ್ಲ. ಅಪ್ಪನ ತಟ್ಟೆಯಲ್ಲಿ ತುಪ್ಪ ಸಾರಿನ ಮೇಲೆ ಹರಡಿಕೊಂಡು ನಿಂತಿತ್ತು.

"ಉಣ್ಣಿ," ಎಂದಳು ಅವ್ವ.

ಅಪ್ಪ ಉಂಡ.